ಬಲೆ ಹರಿಯುವ ಜಾಗಗಳು: ತದಡಿಯಿಂದ ಕಾರವಾರದವರೆಗೆ

ಬುಧವಾರ, ಶಿರಸಿ

ಮುಳುಗಿದ ಹಳೇ ಹಡಗು ಹುಡುಕಲು ಹೊರಟಿದ್ದೇನೆ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಬಂಗಾರ. ನಮ್ಮ ಕರಾವಳಿಯಲ್ಲಿ ಬಂಗಾರ ಹೊತ್ತ ಹಡಗಿಗಿಂತ ಹತ್ತಿ, ಮೆಣಸು, ಅಕ್ಕಿ, ಹಂಚು ಹೊತ್ತ ಮಚವೆ, ಪತ್ತೆಮಾರಿ ಅನ್ನುವ ಹಾಯಿಹಡಗುಗಳೇ ಜಾಸ್ತಿ ಓಡಾಡಿದ್ದು. ಮುಳುಗಿದ್ದೂ ಹೆಚ್ಚಾಗಿ ಅವೇ ಇರಬೇಕು. ಇಷ್ಟು ಹೇಳುವಷ್ಟರಲ್ಲಿ ಭಾವನ ಆಸಕ್ತಿ ಅರ್ಧ ಇಳಿದಿತ್ತು. "ಹತ್ತಿ ಹುಡ್ಕಲೆ ಸಮುದ್ರಕ್ಕೆ ಹೋಪದನಾ ಮಾರಾಯಾ" ಅಂದು ಅಡಿಕೆ ಕೊನೆ ನೋಡಲು ತೋಟಕ್ಕೆ ಹೋದ.

ಉಪಗ್ರಹ ಚಿತ್ರಗಳಲ್ಲಿ ಬೆಳೆ, ಕೆರೆ, ಕಾಡು ಗುರುತಿಸುವುದು ನನ್ನ ಹೊಟ್ಟೆಪಾಡು. ಗೆಳೆಯನೊಬ್ಬ ಬಂದರುಗಳಲ್ಲಿ ಆಳ ಅಳೆಯುವ ಸರ್ವೇ ಮಾಡುತ್ತಾನೆ. ತದಡಿ ಕಡೆ ಅವನ ಕೆಲಸ ಶುರುವಾಗುವ ಮುಂಚೆ, ಶಬ್ದ ಬಿಟ್ಟು ಕಡಲತಳ ನೋಡುವ ಸೋನಾರ್ ಯಂತ್ರ ಸರಿಯಿದೆಯಾ ಅಂತ ನೋಡಲು ಒಂದಿಷ್ಟು ಬಿಡುವಿತ್ತು, ಬಂದರಿನವರಿಗೆ, ಕರಾವಳಿ ಕಾವಲು ಪೊಲೀಸರಿಗೆ ಕೊಡಬೇಕಾದ ಕಾಗದವನ್ನೆಲ್ಲ ಅವನೇ ಕೊಟ್ಟಾಗಿತ್ತು, "ಸುಮ್ನೆ ಖಾಲಿ ನೀರಲ್ಲಿ ಎಳೆಯೋ ಬದಲು ಏನಾದ್ರೂ ಹುಡುಕೋಣ, ಬಾ" ಅಂದ.

ಹೊರಡುವ ಮುಂಚೆ ನನ್ನಿಂದ ಆಗುವ ಕೆಲಸ ಅಂದರೆ ಚಿತ್ರ ನೋಡುವುದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ನೀರಡಿಯ ಹಡಗು ಇದರಲ್ಲಿ ಕಾಣುತ್ತದಾ? ನೇರವಾಗಿ ಇಲ್ಲ. ಲಕ್ಷದ್ವೀಪದ ತಿಳಿನೀರಾದರೆ ಹವಳದ ದಿಬ್ಬವೂ ಕಾಣುತ್ತದೆ, ಆದರೆ ತದಡಿಯಲ್ಲಿ, ಅಘನಾಶಿನಿ ನದಿ ಕೆಸರು ತಂದು ಸುರಿಯುವ ಕಡೆ, ಬೆಳಕು ಸ್ವಲ್ಪ ಇಳಿಯುವಷ್ಟರಲ್ಲೇ ಸುಸ್ತು.

ಅಡ್ಡದಾರಿ ಒಂದಿದೆ. ಬೆಲ್ಜಿಯಂನ ಝೀಬ್ರುಗ್ ಬಂದರಿನ ಹತ್ತಿರ ಸಂಶೋಧಕರು ಹಡಗನ್ನು ಬಿಟ್ಟು ಹಡಗಿನ ಕೆಸರಿನ ಬಾಲ ಹುಡುಕಿದರು. ಲ್ಯಾಂಡ್‌ಸ್ಯಾಟ್-8 ಉಪಗ್ರಹದ ಚಿತ್ರಗಳಲ್ಲಿ ಅದು ಸಿಕ್ಕಿತು, 2016ರಲ್ಲಿ ಪ್ರಕಟವೂ ಆಯಿತು. ಕಡಲಡಿ ಬಿದ್ದ ಹಡಗಿಗೆ ನೀರಿನ ಸೆಳೆತ ಬಡಿದು ಸುತ್ತ ಗುಂಡಿ ಬೀಳುತ್ತದೆ, ಸೆಳೆತ ತಣ್ಣಗಾದಾಗ ಆ ಗುಂಡಿಯಲ್ಲಿ ಮೆತ್ತನೆಯ ಕೆಸರು ಕೂರುತ್ತದೆ, ಮತ್ತೆ ಸೆಳೆತ ಜೋರಾದಾಗ ಅದೇ ಕೆಸರು ಎದ್ದು ಮೇಲ್ಗಡೆ ಗೆರೆಯ ಹಾಗೆ ಹರಿಯುತ್ತದೆ. ಕೆಲವು ಬಾಲ 4 ಕಿಲೋಮೀಟರ್‌ವರೆಗೂ ಇದ್ದವು. ಆದರೆ ಅಲ್ಲಿ ಉಬ್ಬರ ಇಳಿತದ ನಡುವೆ ನೀರು ನಾಲ್ಕು ಮೀಟರ್ ಆಸುಪಾಸು ಏರಿಳಿಯುತ್ತದೆ. ನಮ್ಮಲ್ಲಿ ಅದರ ಅರ್ಧ. ಸೆಳೆತವೂ ಅಷ್ಟಕ್ಕಷ್ಟೇ.

ಮೋಡವಿಲ್ಲದ ಚಿತ್ರಗಳನ್ನೆಲ್ಲ ತಡರಾತ್ರಿವರೆಗೆ ತಿರುವಿ ಹಾಕಿದೆ. ಅಳಿವೆಯ ಕಂದು ನೀರು ಕಂಡಿತು, ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನ ಹಿಂದೆ ಎದ್ದ ಕೆಸರು ಕಂಡಿತು. ಬಾಲ ಒಂದೂ ಇಲ್ಲ.

ಗುರುವಾರ, ದೇವಿಮನೆ ಇಳಿದು

ದೇವಿಮನೆ ಘಟ್ಟದ ರಸ್ತೆ ಬಗ್ಗೆ ಶಿರಸಿಯವರಿಗೆ ಹೇಳಬೇಕಾದ್ದೇನೂ ಇಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಹಾಗಾಗಿ ಬಿಡುತ್ತೇನೆ. ಈ ದಾರಿಯಲ್ಲಿ ಒಂದು ಕಾಲಕ್ಕೆ ಹತ್ತಿ ಗಾಡಿಗಳು ಸಾಲಾಗಿ ಇಳಿಯುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗದಾದಾಗ ಧಾರವಾಡ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಘಟ್ಟ ಇಳಿದು ಕುಮಟೆಗೆ, ಕುಮಟೆಯಿಂದ ಹಾಯಿಹಡಗಲ್ಲಿ ಮುಂಬೈಗೆ. ಬೆಳೆದದ್ದು ಬಯಲುಸೀಮೆಯಲ್ಲಿ, ಪೇಟೆಯಲ್ಲಿ ಹೆಸರು ಮಾತ್ರ "ಕುಮಟಾ ಹತ್ತಿ". ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರ, ಕಾರವಾರದಲ್ಲೊಂದು ಬಂದರು ಕಟ್ಟುವ ಆಸೆ ಇತ್ತು.

ಹಾಗಾಗಿ ನಾವು ಹುಡುಕುವುದು ಇಂಥ ಯಾವುದೋ ಒಂದು ಮಚವೆಯನ್ನು ಅಂದುಕೊಳ್ಳಿ. ನೂರೈವತ್ತು ವರ್ಷದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ? ಬೆಚ್ಚನೆ ಕಡಲಲ್ಲಿ ಹೊರಗೆ ಚಾಚಿದ ಮರವನ್ನು ಹಡಗುಹುಳ ಕೆಲವೇ ವರ್ಷದಲ್ಲಿ ತಿಂದು ಮುಗಿಸುತ್ತದೆ. ಕೆಸರೊಳಗೆ ಹೂತ ಭಾಗಕ್ಕೆ ಗಾಳಿ ತಾಗುವುದಿಲ್ಲ, ಅಲ್ಲಿ ಹುಳ ಬದುಕುವುದಿಲ್ಲ, ಹಾಗಾಗಿ ಅದು ಉಳಿಯುತ್ತದೆ. ಅದು ಬಿಟ್ಟರೆ ಲಂಗರು, ಮೊಳೆ, ತೂಕಕ್ಕೆ ಅಂತ ತಳಕ್ಕೆ ಹಾಕಿದ ಕಲ್ಲುಗಳ ರಾಶಿ, ಮತ್ತೆ ಸರಕು. ಹತ್ತಿ ಉಳಿಯುವುದಿಲ್ಲ, ಹಂಚು ಉಳಿಯುತ್ತದೆ.

ಹಂಚು ಅಂದಾಗ ಗೋವಾದ ಕಥೆ ಹೇಳಲೇಬೇಕು. ದೋನಾ ಪೌಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗೋವಾದ ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಸಾಲಿನ ಹತ್ತಿರ ಮುಳುಗಿ ನೋಡಿದಾಗ ಸಿಕ್ಕಿದ್ದು ಮಂಗಳೂರು ಕಡೆಯಿಂದ ಹೊರಟ ಹಂಚು, ಇಟ್ಟಿಗೆ. ಅವುಗಳ ಮೇಲೆ "ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865" ಅಂತ ಅಚ್ಚು. ನಮ್ಮ ಹಳೇ ಮನೆಯ ಅಟ್ಟ ಹತ್ತಿದರೆ ಇಂಥ ಅಚ್ಚಿನ ಹಂಚು ಈಗಲೂ ಕೈಗೆ ಸಿಗುತ್ತದೆ! 1865 ಅಂದರೆ ಕಾರ್ಖಾನೆ ಶುರುವಾದ ವರ್ಷ, ಅದರಿಂದ ಹಡಗು ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು. ಅಲ್ಲೇ ಗೋವಾದ ಸುಂಚಿ ರೀಫ್‌ನಲ್ಲಿ 17ನೇ ಶತಮಾನದ ಆರಂಭದ ಪೋರ್ಚುಗೀಸ್ ಹಡಗಿನದು ಅನ್ನುವ ಫಿರಂಗಿ, ಆನೆದಂತ, ಚೀನಾದ ಪಿಂಗಾಣಿ ಸಿಕ್ಕಿತ್ತು. ಭಾರತದಲ್ಲಿ ಕಡಲಡಿಯ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರೇ, ಹರಪ್ಪಾ ಕಾಲದ ಲೋಥಲ್ ಊರನ್ನು ಅಗೆದ ಶಿಕಾರಿಪುರ ರಂಗನಾಥ ರಾವ್. ದ್ವಾರಕೆಯ ಕಡಲಡಿ ಹುಡುಕಾಟವೂ ಅವರದೇ. ನಮ್ಮ ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ.

ಸಂಜೆ ತದಡಿಯ ಧಕ್ಕೆಯಲ್ಲಿ ತಾಂಡೇಲರು, ಅಂದರೆ ನಮ್ಮ ಬೋಟು ನಡೆಸುವವರು, ಸಿಕ್ಕರು. ಬೋಟು ಅವರದೇ, ಫೈಬರ್ ಮೈ. ಅಂಗಿ ಜೇಬಿಂದ ಅವರು ತೆಗೆದ ಪುಟ್ಟ ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಚೀಲದ ಹೊದಿಕೆ. ಒಳಗೆ ಜಿಪಿಎಸ್ ಅಂಕಿಗಳು, ಪಕ್ಕದಲ್ಲಿ ಒಂದೊಂದು ಶಬ್ದ: ಕಲ್ಲು. ಕಲ್ಲು. ಕಬ್ಬಿಣ. ಬಲೆ ಹೋಯ್ತು. ಕಲ್ಲು ಸಣ್ಣದು. ಮತ್ತೆ ಬಲೆ ಹೋಯ್ತು. ಅಪ್ಪನ ಕಾಲದಲ್ಲಿ ಜಿಪಿಎಸ್ ಇರಲಿಲ್ಲ, ದಡದ ಗುಡ್ಡ, ದೇವಸ್ಥಾನ ನೋಡಿ ಗುರುತು ಇಟ್ಟುಕೊಳ್ಳುತ್ತಿದ್ದರಂತೆ. ಅವನ್ನೂ ಇವರು ಒಂದೊಂದಾಗಿ ಹೋಗಿ ಅಂಕಿ ಮಾಡಿ ಬರೆದಿಟ್ಟಿದ್ದಾರೆ.

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಎಲ್ಲ ಉಪಗ್ರಹ ಚಿತ್ರಗಳಿಗಿಂತ ಆ ನೋಟ್‌ಬುಕ್ ತೂಕದ್ದು ಅಂತ ನನಗೆ ಅಲ್ಲೇ ಅನ್ನಿಸಿತು, ಈಗಲೂ ಅದೇ ಅಭಿಪ್ರಾಯ. ವರ್ಷಗಟ್ಟಲೆ ಬಲೆ ಎಳೆದು ಕಡಲ ತಳವನ್ನು ಮುಟ್ಟಿ ನೋಡಿದ ದಾಖಲೆ ಅದು. ಒಂದೊಂದು ಸಾಲಿನ ಹಿಂದೆಯೂ ಹರಿದ ಬಲೆಯ ಖರ್ಚಿದೆ.

ಸೋನಾರಿನ ಪೆಟ್ಟಿಗೆ ನೋಡಿ ತಾಂಡೇಲರು ಕೇಳಿದರು, "ಭಟ್ರೇ, ಶಿರೂರಿಗೆ ತಂದದ್ದು ಇದೇ ಮಷಿನ್ನಾ?" ಅದೇ ಜಾತಿಯದ್ದು ಅಂದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿ ಪಾಲಾದಾಗ ನೆಲದೊಳಗೆ ನೋಡುವ ರೇಡಾರ್, ನೌಕಾಪಡೆಯ ಸೋನಾರ್, ಡ್ರೋನ್‌ಗೆ ಕಟ್ಟಿದ ಪತ್ತೆಯಂತ್ರ ಎಲ್ಲ ಬಂದಿದ್ದವು. ಲಾರಿ ಮೇಲೆ ಬಂದಿದ್ದು ಗೋವಾದಿಂದ ಡ್ರೆಜರ್ ತಂದು ಹೂಳು ತೆಗೆದ ಮೇಲೆ, ಸೆಪ್ಟೆಂಬರ್ 25ಕ್ಕೆ. ಸೋನಾರ್ ಅನ್ನುವ ಶಬ್ದ ಈ ಕಡೆ ಮನೆಮಾತಾಗಿದ್ದು ಆಗಲೇ. ಇಲ್ಲಿ ಯಾರಿಗೂ ಯಂತ್ರದ ಬಗ್ಗೆ ದೊಡ್ಡ ಭ್ರಮೆಯಿಲ್ಲ.

ಶುಕ್ರವಾರ, ಕಡಲಲ್ಲಿ

ಬೆಳಗಿನ ಜಾವವೇ ಹೊರಟೆವು. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ, ಬೋಟು ಎತ್ತಿ ಹಾಕಿದ ಹಾಗೆಲ್ಲ ಚಿತ್ರವೂ ಅಲುಗುತ್ತದೆ.

ಸೈಡ್ ಸ್ಕ್ಯಾನ್ ಸೋನಾರ್ ಅಂದರೆ ಕೇಬಲ್ಲಿಗೆ ಕಟ್ಟಿ ನೀರಲ್ಲಿ ಎಳೆದುಕೊಂಡು ಹೋಗುವ ಉದ್ದನೆಯ ಹಳದಿ ಕೊಳವೆ, ಸರ್ವೇಯವರು "ಫಿಶ್" ಅನ್ನುತ್ತಾರೆ. ಎಡಕ್ಕೂ ಬಲಕ್ಕೂ ನಮಗೆ ಕೇಳದ ಶಬ್ದ ಬಿಡುತ್ತದೆ, ತಳಕ್ಕೆ ಬಡಿದು ವಾಪಸು ಬಂದ ಸದ್ದಿನಿಂದ ಗೆರೆ ಗೆರೆಯಾಗಿ ಚಿತ್ರ ಕಟ್ಟುತ್ತದೆ. ಗಟ್ಟಿ ವಸ್ತು ಉಜ್ವಲವಾಗಿ, ಕೆಸರು ಮಂಕಾಗಿ. ಬೆಚ್ಚನೆ ಉಪ್ಪುನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಬೋಟು ಮೂರು ನಾಲ್ಕು ನಾಟ್, ಅಂದರೆ ಗಂಟೆಗೆ ಆರೇಳು ಕಿಲೋಮೀಟರಿಗಿಂತ ಜೋರಾಗಿ ಹೋಗುವ ಹಾಗಿಲ್ಲ. ಗದ್ದೆ ಉಳುವ ಹಾಗೆ ಒಂದು ಸಾಲು ಹೋಗುವುದು, ತಿರುಗುವುದು, ಪಕ್ಕದ ಸಾಲಲ್ಲಿ ಬರುವುದು. ಫಿಶ್‌ನ ಸರಿ ಕೆಳಗಿನ ಪಟ್ಟಿ ಚಿತ್ರದಲ್ಲಿ ಸರಿಯಾಗಿ ಬರುವುದಿಲ್ಲ, ಅದಕ್ಕೇ ಸಾಲುಗಳು ಒಂದರ ಮೇಲೊಂದು ಹತ್ತಬೇಕು.

ಮೊದಲ ಸಾಲಿನಲ್ಲೇ ಪರದೆ ತುಂಬ ಅಡ್ಡಾದಿಡ್ಡಿ ಗೆರೆ. ಬೋಟಿನ ಮೀನು ಹುಡುಕುವ ಎಕೋ ಸೌಂಡರ್ ಚಾಲೂ ಇತ್ತು, ಅದರ ಸದ್ದು ಇದಕ್ಕೆ ಕೇಳಿಸುತ್ತಿತ್ತು. ಅದನ್ನು ಬಂದ್ ಮಾಡಿ ಅಂದಾಗ ತಾಂಡೇಲರ ಮುಖ ಸ್ವಲ್ಪ ಸಪ್ಪೆಯಾಯಿತು. ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸಿ ಅಂದಂತೆಯೇ ಅಲ್ವಾ.

ಚಿತ್ರ ತಿಳಿಯಾದ ಮೇಲೆ ಕಂಡದ್ದು ನನಗೆ ಹೊಸದು. ಕಡಲ ತಳದ ತುಂಬ ಜೋಡಿ ಗೀರುಗಳು, ನೇರವಾಗಿ, ಒಂದನ್ನೊಂದು ಕತ್ತರಿಸಿಕೊಂಡು. ಟ್ರಾಲ್ ಬಲೆಯ ಬಾಯಿ ಅಗಲಿಸಲು ಕಟ್ಟುವ ಭಾರದ ಹಲಗೆಗಳು ಕೆಸರಲ್ಲಿ ಉತ್ತು ಹೋದ ಗುರುತು. ಈ ಕಡಲಿನ ಮುಖ್ಯ ವಿಷಯ ಇದೇ ಅಂತ ಗೆಳೆಯ ಹೇಳಿದ. ತಳದಿಂದ ಮೇಲೆ ಚಾಚಿದ ಹಳೇ ಮರ, ಮಡಿಕೆ, ಹಂಚು ಏನೇ ಇದ್ದರೂ ಇಷ್ಟು ವರ್ಷದ ಬಲೆ ಎಳೆತದಲ್ಲಿ ಚದುರಿರುತ್ತದೆ. ಉಳಿಯುವುದು ಎರಡು ಕಡೆ: ಕೆಸರಿನ ಕೆಳಗೆ, ಇಲ್ಲವೇ ಬೋಟಿನವರು ಬಲೆ ಹರಿಯುತ್ತದೆ ಅಂತ ಬಿಟ್ಟು ಹೋಗುವ ಜಾಗದಲ್ಲಿ. ತಾಂಡೇಲರ ನೋಟ್‌ಬುಕ್ ಮುಖ್ಯ ಆಗುವುದು ಇಲ್ಲೇ.

"ಕಲ್ಲು" ಅಂತ ಬರೆದ ಜಾಗಗಳಲ್ಲಿ ಕಲ್ಲೇ ಇತ್ತು. ಒಂದು ಕಡೆ ಮಾತ್ರ ಉದ್ದಕ್ಕೆ ಹರಡಿದ ದುಂಡು ಕಲ್ಲುಗಳ ರಾಶಿ, ಎರಡೂ ತುದಿ ಚೂಪು. ನೋಡಿದರೆ ಹಡಗಿನ ತಳದ ಕಲ್ಲಿನ ರಾಶಿಯೇ! ಗೆಳೆಯ ಮಾತಾಡಲಿಲ್ಲ, ಅಡ್ಡ ಸಾಲು ಹಾಕಿಸಿದ, ಆಮೇಲೆ ಇನ್ನೂ ಸ್ವಲ್ಪ ದೂರ ಅದೇ ದಿಕ್ಕಿಗೆ. ಅಲ್ಲಿ ಅದೇ ಸಾಲಲ್ಲಿ ಮತ್ತೊಂದು ರಾಶಿ, ಅದರಾಚೆ ಕೆಸರಿಂದ ಎದ್ದ ದೊಡ್ಡ ಬಂಡೆ. ದಡದ ಗುಡ್ಡದ ಕಲ್ಲೇ ನೀರೊಳಗೆ ಮುಂದುವರಿದಿದೆ, ಅಷ್ಟೇ. ಒಂದೇ ಕೋನದಿಂದ ತೆಗೆದ ಒಂದೇ ಚಿತ್ರ ಇಟ್ಟುಕೊಂಡು ಹಡಗು ಸಿಕ್ಕಿತು ಅಂತ ಹೇಳುವವರನ್ನು ನಂಬಬೇಡಿ.

ಊಟಕ್ಕೆ ತಾಂಡೇಲರ ಕಡೆಯವರು ಬಂಗುಡೆ ಸಾರು ಮಾಡಿದ್ದರು. ನನಗೆ ಅಂತ ಬೇರೆ ಪಾತ್ರೆಯಲ್ಲಿ ಅನ್ನ, ಉಪ್ಪಿನಕಾಯಿ, ಮಜ್ಜಿಗೆ. ಕೇಳದೇ ಮಾಡಿಟ್ಟಿದ್ದರು.

ಶನಿವಾರ, ಕಬ್ಬಿಣದ ಜಾಡು

ಇವತ್ತು ಮ್ಯಾಗ್ನೆಟೋಮೀಟರ್. ಇದು ಚಿತ್ರ ಕೊಡುವುದಿಲ್ಲ, ಒಂದು ಅಂಕಿ ಕೊಡುತ್ತದೆ, ಆ ಜಾಗದಲ್ಲಿ ಭೂಮಿಯ ಕಾಂತ ಎಷ್ಟಿದೆ ಅಂತ. ನಮ್ಮ ಕಡೆ ಅದು ನಲವತ್ತು ಸಾವಿರ ಚಿಲ್ಲರೆ ನ್ಯಾನೋಟೆಸ್ಲಾ. ಒಂದು ಟನ್ ಕಬ್ಬಿಣ 10 ಮೀಟರ್ ದೂರದಲ್ಲಿದ್ದರೆ ಆ ಅಂಕಿಯಲ್ಲಿ ಹತ್ತಿಪ್ಪತ್ತು ವ್ಯತ್ಯಾಸ. ದೂರ ಎರಡು ಪಟ್ಟಾದರೆ ವ್ಯತ್ಯಾಸ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಂದರೆ ಒಂದು ಲಂಗರು ಹಿಡಿಯಬೇಕಾದರೆ ಹೆಚ್ಚುಕಡಿಮೆ ಅದರ ತಲೆ ಮೇಲೇ ಹೋಗಬೇಕು. ಬೋಟಿನ ಎಂಜಿನ್ನೇ ದೊಡ್ಡ ಕಬ್ಬಿಣ, ಅದರ ಪ್ರಭಾವ ತಾಗದಂತೆ ಯಂತ್ರವನ್ನು ತುಂಬ ಹಿಂದೆ, ಉದ್ದ ಹಗ್ಗದಲ್ಲಿ ಎಳೆಯಬೇಕು. ಹಿಂದೆ ಯಾರದ್ದಾದರೂ ಬಲೆ ಅಡ್ಡ ಬಂದರೆ ಎಲ್ಲ ಮುಗಿಯಿತು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಭೂಮಿಯ ಕಾಂತರೇಖೆ ಯುರೋಪಿನಲ್ಲಿ ನೆಲಕ್ಕೆ ಕಡಿದಾಗಿ ಇಳಿಯುತ್ತದೆ, ಹಾಗಾಗಿ ಅಲ್ಲಿ ಕಬ್ಬಿಣದ ಮೇಲೆ ಹೋದಾಗ ಅಂಕಿ ಏರುತ್ತದೆ. ಕಾಂತದ ಸಮಭಾಜಕ ಭಾರತದ ತೆಂಕಣ ತುದಿಯಲ್ಲೇ ಹಾದುಹೋಗುವುದರಿಂದ ನಮ್ಮ ಕಡೆ ಆ ರೇಖೆ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಇಲ್ಲಿ ಕಬ್ಬಿಣದ ನೆತ್ತಿಯ ಮೇಲೆ ಸಾಮಾನ್ಯವಾಗಿ ಅಂಕಿ ಇಳಿಯುತ್ತದೆ, ಏರುವುದು ಅಕ್ಕಪಕ್ಕದಲ್ಲಿ. ಯುರೋಪಿನವರು ಬರೆದ ಕೈಪಿಡಿ ಓದಿಕೊಂಡು ಏರಿದ ಕಡೆ ಮುಳುಗುಗಾರರನ್ನು ಇಳಿಸಿದರೆ ಬರಿಗೈ. ಜೊತೆಗೆ ಕರಾವಳಿಯ ಬಂಡೆಗಳಲ್ಲಿ ಅಲ್ಲಲ್ಲಿ ಗೋಡೆಯ ಹಾಗೆ ನುಗ್ಗಿ ಕೂತ ಕಪ್ಪುಕಲ್ಲಿನ ಡೈಕ್‌ಗಳಿವೆ, ಅವೂ ಅಂಕಿಯನ್ನು ಕುಣಿಸುತ್ತವೆ.

ನೋಟ್‌ಬುಕ್ಕಿನ "ಕಬ್ಬಿಣ" ಜಾಗದಲ್ಲಿ ಅಂಕಿ ಧಡಕ್ಕನೆ ಇಳಿಯಿತು. ವಾಪಸು ಸೋನಾರ್ ಇಳಿಸಿ ಹೋದೆವು. ಪರದೆಯ ಮೇಲೆ ಮೊದಲು ಮಂಕು ಕೆಸರು, ಆಮೇಲೆ ಬಲಗಡೆಯಿಂದ ಒಂದು ಉಜ್ವಲ ಅಂಚು, ಅದು ಬಾಗಿ ಮೂಗಾಯಿತು, ಹಿಂದೆ ಕಪ್ಪು ನೆರಳು. ಗೆರೆ ಗೆರೆಯಾಗಿ ಪೂರ್ತಿ ಬೋಟು ಮೂಡಿತು. ಕ್ಯಾಬಿನ್ ಜಾಗದಲ್ಲಿ ಚೌಕದ ನೆರಳು, ಮೇಲೆ ಬಲೆಯ ಚಿಂದಿ ಸಿಕ್ಕಿಕೊಂಡು ಗಾಳಿಪಟದ ಬಾಲದಷ್ಟು ತೆಳು ಗೆರೆಗಳು. ಸೋನಾರಿನಲ್ಲಿ ವಸ್ತುವಿಗಿಂತ ನೆರಳೇ ಹೆಚ್ಚು ಮಾತಾಡುತ್ತದೆ. ಫಿಶ್ ತಳದಿಂದ 6 ಮೀಟರ್ ಮೇಲಿತ್ತು, ನೆರಳಿನ ಉದ್ದ 10 ಮೀಟರ್, ನೆರಳಿನ ತುದಿಗೆ ಫಿಶ್‌ನಿಂದ ದೂರ 40 ಮೀಟರ್. ಹತ್ತನ್ನು ಆರರಿಂದ ಗುಣಿಸಿ ನಲವತ್ತರಿಂದ ಭಾಗಿಸಿದರೆ ಒಂದೂವರೆ. ಕೆಸರಿಂದ ಮೇಲೆ ಉಳಿದದ್ದು ಒಂದೂವರೆ ಮೀಟರ್ ಮಾತ್ರ.

ತಾಂಡೇಲರು ಬಗ್ಗಿ ನೋಡಿದರು. ಕ್ಯಾಬಿನ್ನಿನ ಆಕಾರ ನೋಡಿಯೇ ಯಾರ ಬೋಟು ಅಂತ ಹೇಳಿದರು. ಕೆಲವು ವರ್ಷದ ಹಿಂದೆ ತೂಫಾನಿನಲ್ಲಿ ನೀರು ನುಗ್ಗಿ ಮುಳುಗಿದ್ದು, ಜನರನ್ನು ಇನ್ನೊಂದು ಬೋಟಿನವರು ಎತ್ತಿಕೊಂಡು ಬಂದಿದ್ದರು. "ಸಾಲ ಮಾತ್ರ ಮೇಲೇ ಉಳೀತು ನೋಡಿ" ಅಂದರು. ಎಂಜಿನ್ ಎಲ್ಲಿದೆ ಅಂತ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಂಕಿ ಇಳಿದದ್ದು ಅಲ್ಲೇ.

ಇನ್ನೊಂದು ಜಾಗ ಉಳಿದಿತ್ತು, "ಬಲೆ ಹೋಯ್ತು" ಅಂತ ಎರಡು ಸಲ ಬರೆದದ್ದು. ಅಲ್ಲಿ ಮ್ಯಾಗ್ನೆಟೋಮೀಟರ್ ಮೂರು ಸಾಲಿನಲ್ಲೂ ಇಳಿಯಿತು, ಜಾಸ್ತಿಯಲ್ಲ, ಆದರೆ ಪ್ರತಿ ಸಲ ಅದೇ ಜಾಗದಲ್ಲಿ. ಸೋನಾರ್‌ನಲ್ಲಿ ನೋಡಿದರೆ ಸಪಾಟು ಕೆಸರು, ನಡುವೆ ಸಣ್ಣ ಎರಡು ಚುಕ್ಕೆ. ಕಬ್ಬಿಣ ಹೂತಿದೆ. ಕೆಸರಿನೊಳಗೆ ನೋಡಲು ಕಡಿಮೆ ಕಂಪನದ ಶಬ್ದ ಬಿಡುವ ಸಬ್ ಬಾಟಂ ಪ್ರೊಫೈಲರ್ ಅಂತ ಬೇರೆ ಯಂತ್ರ ಇದೆ, ಬಾಡಿಗೆ ಕೇಳಿದರೆ ಕೈಮುಗಿಯಬೇಕು. ಅದನ್ನು ತಂದರೂ ಸಮಸ್ಯೆ. ನಮ್ಮ ಪಶ್ಚಿಮ ಕರಾವಳಿಯ ಒಳಕಡಲಿನ ಕೆಸರಿನಲ್ಲಿ ಹಳೇ ಸೊಪ್ಪುಸದೆ ಕೊಳೆತು ಹುಟ್ಟಿದ ಮೀಥೇನ್ ಅನಿಲ ಅಲ್ಲಲ್ಲಿ ಸಿಕ್ಕಿಕೊಂಡಿದೆ. ಅನಿಲ ಇರುವ ಕಡೆ ಶಬ್ದ ಅಲ್ಲೇ ಚದುರಿ, ಕೆಳಗಿನದೆಲ್ಲ ಮಸುಕು.

ಲಂಗರಾ? ಡ್ರಮ್ಮಾ? ಯಾವುದೋ ಬೋಟಿನ ಸರಪಳಿಯಾ? ಗೆಳೆಯ ಹಾಳೆಯಲ್ಲಿ ಬರೆದದ್ದು "ಹೂತ ಕಬ್ಬಿಣ, ಗುರುತಾಗಿಲ್ಲ" ಅಂತ. ನನಗೆ ಮಚವೆಯ ಲಂಗರು ಅಂತ ಬರೆಯುವ ಆಸೆ ಬಹಳ ಇತ್ತು.

ಭಾನುವಾರ, ಕಾರವಾರ

ಬಿಡುವಿನ ದಿನ. ಅರ್ಗಾ, ಬಿಣಗಾ ದಾಟುವಾಗ ಅಂಜುದೀವ ದ್ವೀಪ ಕಂಡಿತು. ಈ ಕರಾವಳಿಯಲ್ಲಿ ಹಳೇ ಹಡಗು ಹುಡುಕಲು ಒಂದೇ ಜಾಗ ಆರಿಸು ಅಂದರೆ ನಾನು ಇದರ ಸುತ್ತಲಿನ ನೀರನ್ನೇ ಆರಿಸುತ್ತೇನೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು, ಮುಂಬೈಯನ್ನು ಪೋರ್ಚುಗೀಸರು ಬಿಟ್ಟುಕೊಡುವುದನ್ನು ಕಾಯುತ್ತ 1664ರ ಹೊತ್ತಿಗೆ ಇಲ್ಲಿ ಕೂತ ಇಂಗ್ಲಿಷ್ ಸೈನಿಕರು ಜ್ವರದಲ್ಲಿ ನೂರಾರು ಸತ್ತರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಸೇರಿ. 1961ರ ಡಿಸೆಂಬರಿನಲ್ಲಿ ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರು ಬಂದು ಇದನ್ನು ಬಿಡಿಸಿಕೊಂಡವು, ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಈಗ ನೌಕಾನೆಲೆಯ ಜಾಗ. ಸೋನಾರ್ ಇರಲಿ, ಮೀನಿನ ದೋಣಿಯೂ ಹತ್ತಿರ ಸುಳಿಯುವಂತಿಲ್ಲ. ನನ್ನ ಪ್ರಕಾರ ಅದು ಒಳ್ಳೆಯದೇ. ಟ್ರಾಲ್ ಹಲಗೆ ಉಳದ ಕಡಲತಳ ಈ ಕರಾವಳಿಯಲ್ಲಿ ಇನ್ನೆಷ್ಟು ಉಳಿದಿದೆ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಯುದ್ಧನೌಕೆಯೊಳಗೆ ಹೊಕ್ಕು ಬಂದೆವು. ಸೆಕೆ. ಕಾಳಿ ಸೇತುವೆ ಹತ್ತಿರ ಗೆಳೆಯ ಸುಮಾರು ಹೊತ್ತು ನಿಂತ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಬಿದ್ದದ್ದು ಇಲ್ಲೇ. ಕಾಂಕ್ರೀಟಿನೊಳಗಿನ ಕಬ್ಬಿಣ ಸೋನಾರ್, ಮ್ಯಾಗ್ನೆಟೋಮೀಟರ್ ಎರಡರಲ್ಲೂ ಹೇಗೆ ಕಾಣಬಹುದು ಅಂತ ಅವನ ತಲೆಯಲ್ಲಿ ಲೆಕ್ಕ ನಡೆದಿತ್ತು. ಈ ಅಳಿವೆ ಹೊರಗೆ 1697ರಲ್ಲಿ ಕಡಲ್ಗಳ್ಳ ಅಂತ ಹೆಸರಾದ ಕ್ಯಾಪ್ಟನ್ ಕಿಡ್ ತನ್ನ ಅಡ್ವೆಂಚರ್ ಗ್ಯಾಲಿ ಹಡಗು ತಂದು ನಿಲ್ಲಿಸಿದ್ದ, ಆಗ ಕಾರವಾರದಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಆ ಹಡಗು ಮುಳುಗಿದ್ದು ಮಡಗಾಸ್ಕರಿನಲ್ಲಿ, ನಮ್ಮ ಪಾಲಿಗಿಲ್ಲ.

ಹೂತ ಕಬ್ಬಿಣದ ಜಾಗವನ್ನು ಏನು ಮಾಡುವುದು ಅಂತ ಚಹಾ ಕುಡಿಯುತ್ತ ಮಾತಾಯಿತು. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಕಾಯ್ದೆ ಬಿಡಿ, ಕೆಸರಿಂದ ಮೇಲೆತ್ತಿದ ಕಬ್ಬಿಣ, ಮರ ಎರಡೂ ಗಾಳಿಗೆ ಒಣಗಿದರೆ ಪುಡಿಪುಡಿ. ಉಪ್ಪು ಬಿಡಿಸಲು ವರ್ಷಗಟ್ಟಲೆ ನೀರಲ್ಲಿಡಬೇಕು, ಯಾರು ಇಡುತ್ತಾರೆ? ಪುರಾತತ್ತ್ವ ಇಲಾಖೆಯ ಕಡಲಡಿ ವಿಭಾಗಕ್ಕೂ ಗೋವಾದ ಸಂಸ್ಥೆಗೂ ಅಂಕಿ, ಚಿತ್ರ ಕಳಿಸುವುದು, ಅಷ್ಟೇ ಅಂತ ಆಯಿತು. ಗೆಳೆಯ ಸೋಮವಾರದಿಂದ ತನ್ನ ಆಳ ಅಳೆಯುವ ಕೆಲಸಕ್ಕೆ.

ವಾಪಸು ಬಸ್ಸಿನಲ್ಲಿ ಅಂಕೋಲೆ ದಾಟುವಾಗ ತಾಂಡೇಲರ ಫೋನ್. ಮಚವೆ, ಲಂಗರು ಅವರಿಗೆ ಬೇಕಿರಲಿಲ್ಲ. "ಭಟ್ರೇ, ಆ ಎರಡು ಜಾಗದ ಅಂಕಿ ಕಳ್ಸಿ. ನಮ್ಮ ಮಷಿನ್ನಿಗೆ ಹಾಕುವ ಹಾಗೆ ಕಳ್ಸಿ ಮತ್ತೆ." ನಮ್ಮ ಲ್ಯಾಪ್‌ಟಾಪಿನಲ್ಲಿ ಡಿಗ್ರಿ ದಶಾಂಶದಲ್ಲಿದೆ, ಬೋಟಿನ ಜಿಪಿಎಸ್‌ಗೆ ಡಿಗ್ರಿ ಮತ್ತು ಮಿನಿಟು ಬೇಕು. ಅರ್ಧ ಡಿಗ್ರಿ ಅಂದರೆ 30 ಮಿನಿಟು, ದಶಾಂಶವನ್ನು ಅರವತ್ತರಿಂದ ಗುಣಿಸಿದರಾಯಿತು. ಮೊಬೈಲಿನಲ್ಲೇ ಲೆಕ್ಕ ಹಾಕಿ ವಾಟ್ಸಾಪ್ ಮಾಡಿದೆ, ಮುಳುಗಿದ ಬೋಟು ಯಾವ ದಿಕ್ಕಿಗೆ ಮಲಗಿದೆ, ಬಲೆ ಎಷ್ಟು ದೂರ ತಪ್ಪಿಸಬೇಕು ಅನ್ನುವುದನ್ನೂ ಸೇರಿಸಿ. "ಅಡ್ಡಿಲ್ಲ" ಅಂತ ಉತ್ತರ ಬಂತು. ಅದರ ಬೆನ್ನಿಗೇ ಒಂದು ಫೋಟೋ: ಬೇರೆ ಯಾರದ್ದೋ ನೋಟ್‌ಬುಕ್ಕಿನ ಪುಟ, ಬೇರೆ ಕೈಬರಹ, ತುಂಬ ಅಂಕಿ. "ಇದು ನಮ್ಮ ಭಾವಂದು, ಹೊನ್ನಾವರ ಕಡೆ. ಇದ್ರಲ್ಲಿ ಯಾವ್ದು ಕಲ್ಲು ಯಾವ್ದು ಕಬ್ಬಿಣ ಅಂತ ಅವನಿಗೂ ಗೊತ್ತಿಲ್ಲ. ಮಷಿನ್ ಮತ್ತೆ ಯಾವಾಗ ಬಿಡುವು?"